ಹತ್ತಾದ ಮೇಲೆ ತುಂಬಾ

ಬಾಟಲಿಗೆ ಅರವತ್ತು ಹುಣಸೆ ಬೀಜ ಹಾಕಿದ್ದೆ. ಈ ಒಂದು ಸಂಖ್ಯೆಯ ಬಗ್ಗೆ ನನಗೆ ಅನುಮಾನವಿಲ್ಲ. ಭದ್ರಾವತಿಯಲ್ಲಿದ್ದ ನನ್ನ ತಂಗಿ ಏಳು ತಿಂಗಳ ಬಸುರಿ. ಎರಡು ತಿಂಗಳು ಮಂಚ ಬಿಟ್ಟು ಇಳಿಯಬಾರದು ಎಂದು ಡಾಕ್ಟರು ಹೇಳಿದ್ದರು. ಎರಡು ತಿಂಗಳೆಂದರೆ ಅರವತ್ತು ದಿನ, ಅರವತ್ತು ಬೀಜ. ನಾಲ್ಕು ವರ್ಷ ಇನ್ನೂ ತುಂಬದ ಅವಳ ಮಗಳು ಅಷ್ಟು ದಿನ ಶಿವಮೊಗ್ಗದಲ್ಲಿ ನನ್ನ ಜೊತೆ ಇರಬೇಕಿತ್ತು. ದಿನಕ್ಕೊಂದು ಬೀಜ ತೆಗೆದು ಹೊರಗೆ ಹಾಕುವುದು, ಬಾಟಲಿ ಮುಗಿದ ದಿನ ಅಮ್ಮನ ಮನೆಗೆ ಹೋಗುವುದು. ಆಟ ಇಷ್ಟೇ. ಅದನ್ನು ಕಟ್ಟಿದವಳು ನಾನು, ಕೆಡಿಸಿದವಳೂ ನಾನೇ. ನಡುವೆ ಏನಾಯಿತು ಎಂಬುದರ ಲೆಕ್ಕ ಮಾತ್ರ ಹಾಕಿದಾಗಲೆಲ್ಲ ಬೇರೆ ಬರುತ್ತದೆ.

ಅವಳನ್ನು ಕರೆತಂದದ್ದು ಸಂಕ್ರಾಂತಿ ಕಳೆದ ವಾರ. ತಂಗಿಯ ಗಂಡ ಬೈಕಿನ ಮುಂದೆ ಕೂರಿಸಿಕೊಂಡು ಬಂದ, ಮಗುವಿನ ಕಿವಿಗೆ ಮಫ್ಲರು ಸುತ್ತಿತ್ತು ಎಂದು ನನಗೆ ನೆನಪಿದೆ. ಬಹಳ ಸ್ಪಷ್ಟವಾದ ನೆನಪು, ಮಫ್ಲರಿನ ಬಣ್ಣ ಕೂಡ ಹೇಳಬಲ್ಲೆ. ಆದರೆ ಅದು ಬೇರೆ ಯಾವುದೋ ವರ್ಷದ್ದು. ಆ ಸಲ ನಾನೇ ಹೋಗಿ ಬಸ್ಸಿನಲ್ಲಿ ಕರೆತಂದೆ. ಭದ್ರಾವತಿ ಬಸ್ ಸ್ಟ್ಯಾಂಡಿನಲ್ಲಿ ಶುರುವಾದ ಅಳು ಊರು ದಾಟಿದರೂ ನಿಲ್ಲಲಿಲ್ಲ. ಪಕ್ಕದವರು ತಿರುಗಿ ತಿರುಗಿ ನೋಡುತ್ತಿದ್ದರು. ಏನು ಮಾಡುವುದೆಂದು ತೋಚದೆ, ರಸ್ತೆಯಲ್ಲಿ ಹಂಪು ಬಂದು ಬಸ್ಸು ಕುಲುಕಿದಾಗ ಅವಳನ್ನು ತೊಡೆಯಿಂದ ಮೇಲೆತ್ತಿ "ಒಂದು" ಎಂದೆ. ಮುಂದಿನ ಹಂಪಿಗೆ "ಎರಡು". ಮೂರನೆಯದಕ್ಕೆ ಅವಳೇ ಅಳುತ್ತಾ "ಮೂರು" ಎಂದಳು. ಆಮೇಲೆ ಬಹಳ ಹೊತ್ತು ಹಂಪೇ ಬರಲಿಲ್ಲ. ಆಟ ನಿಂತರೆ ಅಳು ಮತ್ತೆ ಶುರುವಾಗುತ್ತದೆಂದು ಹೆದರಿ ಸುಮ್ಮನೆ ಒಮ್ಮೆ ಎತ್ತಿದೆ.

"ದೊಡ್ಡಮ್ಮ, ಇದು ಹಂಪಲ್ಲ. ನೀನೇ ಎತ್ತಿದ್ದು."

"ಅಲ್ವೇ, ಸಣ್ಣ ಹಂಪು. ನಿಂಗೆ ಗೊತ್ತಾಗ್ಲಿಲ್ಲ."

"ಸುಳ್ಳು. ಬಸ್ಸು ಎದ್ದಿಲ್ಲ."

ಮಲವಗೊಪ್ಪದ ಹತ್ತಿರ ನಿಜವಾದ ಹಂಪು ಬಂದಾಗ ಅವಳು ನನ್ನ ಮುಖ ನೋಡಿ, ಕೆಳಗೆ ರಸ್ತೆ ನೋಡಿ, ಆಮೇಲೆ "ನಾಕು" ಎಂದಳು. ನನ್ನ ಸುಳ್ಳು ಹಂಪನ್ನು ಅವಳು ಲೆಕ್ಕಕ್ಕೆ ಸೇರಿಸಿಕೊಂಡಿರಲಿಲ್ಲ.

ನನ್ನ ಮನೆ ರಾಗಿಗುಡ್ಡದ ಕೆಳಗೆ, ಎರಡು ಕೋಣೆಯ ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಹಿಂದಿನದರಲ್ಲಿ ಅಡುಗೆ ಮತ್ತು ನಾನು. ಮೇಲಿನ ಮಹಡಿಯಲ್ಲಿ ಮನೆಯ ಓನರ್ ಆಂಟಿ. ಬ್ಲೌಸು ಹೊಲಿಯುತ್ತೇನೆ, ಸೀರೆಗೆ ಫಾಲು ಹಚ್ಚುತ್ತೇನೆ. ಮದುವೆಯಾಗಲಿಲ್ಲ, ಅದಕ್ಕೆ ಹೇಳುವಂಥ ಕಥೆಯೇನೂ ಇಲ್ಲ. ಒಂದು ಪಾವು ಅಕ್ಕಿ ನನಗೆ ಎರಡು ದಿನ ಬರುತ್ತದೆ. ಹಗಲೆಲ್ಲ ಯಾರಾದರೊಬ್ಬರು ಅಳತೆ ಕೊಡಲು ಬಂದೇ ಬರುತ್ತಾರೆ, ಎದೆ, ಸೊಂಟ, ತೋಳು ಎಂದು ಟೇಪು ಹಿಡಿದು ಅವರ ಮೈಗೆ ಅಷ್ಟು ಹತ್ತಿರ ನಿಂತಿರುತ್ತೇನೆ. ಆಮೇಲೆ ಅವರು ಹೋಗುತ್ತಾರೆ. ಇಷ್ಟನ್ನು ಒಂಟಿತನ ಎನ್ನಬಹುದೇ ಎಂದು ಆಗ ಯಾರಾದರೂ ಕೇಳಿದ್ದರೆ ಇಲ್ಲವೆನ್ನುತ್ತಿದ್ದೆ. ರಾತ್ರಿ ಹೊತ್ತು ಎರಡು ಜೊತೆ ಚಪ್ಪಲಿ ಬಾಗಿಲಲ್ಲಿ ಬಿದ್ದಿರುವುದನ್ನು ಆವರೆಗೆ ನಾನು ನೋಡಿರಲಿಲ್ಲ.

ಮೊದಲ ಸಂಜೆ ಹೊಸ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದೆ. ಅವಳು ಎದುರಿಗೆ ಕೂತು, "ಅಮ್ಮ ಎಷ್ಟು ಹೊತ್ತಿಗೆ ಬರ್ತಾಳೆ?" ಎಂದಳು. ಅರವತ್ತು ದಿನ ಎಂದರೆ ಅವಳಿಗೇನು ಗೊತ್ತಾಗಬೇಕು? ಮುಂದೆ ಬೀಜದ ರಾಶಿ ಬಿದ್ದಿತ್ತು. ಹಾರ್ಲಿಕ್ಸಿನಂಥ ಯಾವುದೋ ಪುಡಿಯ ಹಳೆಯ ಗಾಜಿನ ಬಾಟಲಿ ತೊಳೆದು ಒರೆಸಿ ಅರವತ್ತು ಎಣಿಸಿ ಹಾಕಿದೆ.

"ದಿನಾ ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಒಂದು ತೆಗೀಬೇಕು. ಎಲ್ಲಾ ಆದ್ಮೇಲೆ ಅಮ್ಮನ ಹತ್ರ."

"ಈಗ್ಲೇ ಎಲ್ಲಾ ತೆಗೆದುಬಿಟ್ರೆ?"

"ಆಗ ಬೀಜಕ್ಕೆ ಕೋಪ ಬರುತ್ತೆ."

ಅವಳು ಒಪ್ಪಿದಳು. ಮಕ್ಕಳು ಎಷ್ಟು ಬೇಗ ಒಪ್ಪುತ್ತಾರೆ ಎಂಬುದೇ ಅವರ ಬಗ್ಗೆ ನನಗಿರುವ ದೊಡ್ಡ ಭಯ.

ಎರಡನೆಯ ವಾರ ಒಂದು ಸಲ ವಿಡಿಯೋ ಕಾಲ್ ಮಾಡಿದೆವು. ತಾಯಿ ಮಗಳು ಎಷ್ಟು ಅತ್ತರೆಂದರೆ ತಂಗಿಯ ಅತ್ತೆ ಫೋನು ಕಸಿದುಕೊಂಡು, "ಬಿ.ಪಿ. ಮೊದ್ಲೇ ಹೆಚ್ಚಿದೆ, ಹೆರಿಗೆ ಆಗೋವರೆಗೂ ಇದೆಲ್ಲ ಬೇಡ ಕಣಮ್ಮ. ಕರ್ಕೊಂಡು ಬರೋದೂ ಬೇಡ" ಎಂದರು. ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಯ ದಾರಿ. ಆ ಮಾತು ಕೇಳಿ ನನಗೆ ಬೇಸರವಾಯಿತೆಂದು ಹೇಳಬೇಕು. ಬೇಸರದ ಜೊತೆ ಇನ್ನೊಂದೂ ಆಗಿತ್ತು. ಫೋನು ಇಟ್ಟ ಮೇಲೆ ಅವಳ ಕೆನ್ನೆ ಒರೆಸಿ, ಹಣೆಯ ಮೇಲೆ ಕಲಸಿಹೋಗಿದ್ದ ವಿಭೂತಿಯನ್ನು ಮತ್ತೆ ಹಚ್ಚುವಾಗ ನನ್ನ ಕೈ ಬಹಳ ನಿಧಾನವಾಗಿತ್ತು.

ಆ ದಿನಗಳಲ್ಲಿ ಮನೆ ತುಂಬ ಎಣಿಕೆಯ ಆಟ. ದಾರ ಮುಗಿದ ರೀಲುಗಳನ್ನು ಲಾಡಿಗೆ ಪೋಣಿಸಿ ರೈಲು ಮಾಡಿಕೊಟ್ಟೆ. ಒಂದು ರೀಲು ಒಂದು ಬೋಗಿ. ಯಾರ್‍ಯಾರು ಎಷ್ಟನೆಯ ಬೋಗಿಯಲ್ಲಿ ಕೂತಿದ್ದಾರೆಂದು ಅವಳು ಹೇಳಬೇಕು. ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ಕೆಂಪು ನೆಲದ ಮೇಲೆ ಹತ್ತು ಸುತ್ತು ಬರೆದು ಅವುಗಳ ಮೇಲೆ ಕುಪ್ಪಳಿಸುವುದು. ಹುಕ್ಕು ಚುಚ್ಚುತ್ತದೆಂದು ಅದನ್ನು ಮುಟ್ಟಲು ಬಿಡದೆ, ಗುಂಡಿ ಡಬ್ಬ ಕೊಟ್ಟು "ಬಾಯಿಗೆ ಹಾಕ್ಕೋಬಾರ್ದು" ಎಂದು ನೂರು ಸಲ ಹೇಳಿ, ಬಣ್ಣದ ಪ್ರಕಾರ ಜೋಡಿಸಿ ಎಣಿಸಲು ಬಿಡುತ್ತಿದ್ದೆ. ಇವೆಲ್ಲ ಯಾವ ಪುಸ್ತಕದಲ್ಲೂ ಓದಿದ್ದಲ್ಲ. ಮಿಷನ್ನು ತುಳಿಯುವಾಗ ಅವಳು ನನ್ನ ಕಾಲಿನ ಹತ್ತಿರ ಬರದಿರಲಿ ಎಂದು ಹುಟ್ಟಿಕೊಂಡವು.

ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಕ್ಕಿ ಅಳೆಯುವುದು. ನಮ್ಮಮ್ಮ ಅಕ್ಕಿ ಅಳೆಯುವಾಗ ಮೊದಲ ಪಾವಿಗೆ "ಒಂದು" ಅನ್ನುತ್ತಿರಲಿಲ್ಲ, "ಲಾಭ" ಅನ್ನುತ್ತಿದ್ದಳು. ಅಂಗಡಿಯಲ್ಲಿ, ಕಣದಲ್ಲಿ ಹಾಗೆ ಅಳೆಯುವವರು ಈಗಲೂ ಇದ್ದಾರೆ. ನನಗೂ ಅದೇ ಬಾಯಿಗೆ ಬಂದುಬಿಟ್ಟಿದೆ.

"ಲಾಭ ಅಂದ್ರೆ ಒಂದಾ?"

"ಹೂಂ. ಅಕ್ಕೀಗೆ ಒಂದು ಅನ್ನಲ್ಲ."

"ಯಾಕೆ?"

"ಅಜ್ಜಿ ಅಂತಿರ್ಲಿಲ್ಲ, ಅದಕ್ಕೆ."

ಅಂದಿನಿಂದ ಗುಂಡಿಗೂ ರೀಲಿಗೂ ಇಡ್ಲಿಗೂ ಲಾಭವೇ. ಅಕ್ಕಿ ಡಬ್ಬದ ತಳ ಕಾಣುವಷ್ಟಾದಾಗ ಕೊನೆಯ ಒಂದು ಹಿಡಿಯನ್ನು ನಾನು ವಾಪಸು ಹಾಕುತ್ತೇನೆ. ಅದೂ ಅಮ್ಮನದೇ ಶಾಸ್ತ್ರ, ಡಬ್ಬ ಬರಿದು ಮಾಡಬಾರದು. ಅವಳು ಅದಕ್ಕೂ ಯಾಕೆ ಎಂದಳು. ಹೊಸ ಅಕ್ಕಿ ಬಂದಾಗ ಬಾಗಿಲು ತೆಗೆಯಲು ಒಳಗೆ ಯಾರಾದರೂ ಇರಬೇಡವೇ ಎಂದೆ. ಹೀಗೆ ಅಂದೆನೆಂದು ಈಗ ಅನ್ನಿಸುತ್ತದೆ. ನಾನು ಅಷ್ಟು ಚೆಂದದ ಮಾತು ಆಡುವವಳಲ್ಲ. ಮುಂದೆ ಆದದ್ದನ್ನು ನೋಡಿ ಮನಸ್ಸೇ ಹಿಂದಕ್ಕೆ ಹೋಗಿ ಆ ಮಾತನ್ನು ಅಲ್ಲಿ ಇಟ್ಟಿರಬಹುದು. ಆದರೆ ಒಂದು ಹಿಡಿ ಅಕ್ಕಿಯನ್ನು ಡಬ್ಬಕ್ಕೆ ವಾಪಸು ಹಾಕುವ ಕೆಲಸ ಆ ದಿನದಿಂದ ಅವಳದಾಯಿತು, ಅದು ನಿಜ. ಅವಳ ಹಿಡಿಯಲ್ಲಿ ಹಿಡಿಸುತ್ತಿದ್ದದ್ದು ಕಾಲು ಹಿಡಿ.

ಈಗ "ತುಂಬಾ" ಎಂಬುದರ ವಿಷಯ.

ಒಂದು ಮಧ್ಯಾಹ್ನ ಯಾರದೋ ಮದುವೆಯ ಬ್ಲೌಸು ಅವಸರದಲ್ಲಿ ಹೊಲಿಯುತ್ತಿದ್ದೆ. ಅವಳು ನೆಲದ ಮೇಲೆ ಗುಂಡಿ ಎಣಿಸುತ್ತಿದ್ದಳು. "ಎಂಟು, ಒಂಬತ್ತು, ಹತ್ತು. ಹತ್ತಾದ್ಮೇಲೆ ಏನು ದೊಡ್ಡಮ್ಮ?"

ಮಿಷನ್ನು ನಿಲ್ಲಿಸದೆ "ತುಂಬಾ" ಎಂದೆ.

"ಹತ್ತು, ತುಂಬಾ," ಎಂದು ಅವಳು ಒಪ್ಪಿಕೊಂಡಳು.

ಮೊದಲ ಸಲ ಹಾಗೆ ಹೇಳಿದಾಗ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ ಎಂದುಕೊಳ್ಳಲು ನನಗೆ ಇಷ್ಟ. ಅವಸರದಲ್ಲಿದ್ದೆ, ಬಾಯಿಗೆ ಬಂದದ್ದು ಅಂದೆ. ಆದರೆ ಮರುದಿನವೂ ತಿದ್ದಲಿಲ್ಲವಲ್ಲ. ಬಂದ ಹೊಸದರಲ್ಲಿ ಅವಳು ಹನ್ನೊಂದು, ಹನ್ನೆರಡು, ಹದಿನಾಲ್ಕು ಎಂದು ಎಡವುತ್ತ ಇನ್ನಷ್ಟು ದೂರ ಹೋಗುತ್ತಿದ್ದಳು ಎಂಬುದು ನನಗೆ ಗೊತ್ತಿತ್ತು. ಆ ಎಡವುವಿಕೆಯನ್ನು ಸರಿಮಾಡುವುದರ ಬದಲು ದಾರಿಯನ್ನೇ ಮುಚ್ಚಿದೆ. ನಾಲ್ಕೈದು ದಿನದಲ್ಲಿ ಅವಳಿಗೆ ಹತ್ತರ ಆಚೆಗಿನದೆಲ್ಲ ಒಂದೇ ಆಯಿತು.

ಓನರ್ ಆಂಟಿ ಒಂದು ದಿನ ಸೀರೆ ಕೊಡಲು ಇಳಿದು ಬಂದವರು ಅವಳ ಗಲ್ಲ ಹಿಡಿದು, "ನಂಗೆ ಎಷ್ಟು ವಯಸ್ಸು ಹೇಳು ನೋಡೋಣ?" ಎಂದರು.

"ತುಂಬಾ."

"ಅಯ್ಯೋ ಮುದುಕಿ! ಹಲ್ಲೆಲ್ಲಾ ಇದೆ ಕಣೇ ನಂಗೆ."

"ಎಷ್ಟಿದೆ?"

"ಮೂವತ್ತೊಂದು. ಒಂದು ಕೀಳಿಸಿದೀನಿ."

"ತುಂಬಾ," ಎಂದಳು ಅವಳು, ತೀರ್ಪು ಕೊಟ್ಟವಳಂತೆ.

ಆಂಟಿ ನಕ್ಕು ನಕ್ಕು ನನ್ನ ಕಡೆ ತಿರುಗಿ, "ಸರಿಯಾಗಿ ಹೇಳ್ಕೊಡೆ ಮಾರಾಯ್ತಿ. ಜೂನಲ್ಲಿ ಎಲ್‌ಕೆಜಿಗೆ ಹಾಕ್ತಾರಂತೆ, ಮಿಸ್ಸು ನಗ್ತಾರೆ" ಎಂದರು. ಹೇಳಿಕೊಡುತ್ತೇನೆ ಬಿಡಿ ಆಂಟಿ ಎಂದೆ.

ಮಗು ಹುಟ್ಟಿದ್ದು ಡಾಕ್ಟರು ಹೇಳಿದ್ದಕ್ಕಿಂತ ಮೊದಲೇ. ಗಂಡು ಮಗು. ತಾಯಿ, ಮಗು ಇಬ್ಬರೂ ಆರೋಗ್ಯ. ಆಸ್ಪತ್ರೆಯಿಂದ ಮನೆಗೆ ಬಂದ ದಿನ ತಂಗಿಯ ಗಂಡ ಫೋನು ಮಾಡಿದ.

"ಅಕ್ಕಾ, ಮನೆಗೆ ಬಂದ್ವಿ. ಭಾನುವಾರ ಪುಟ್ಟೀನ ಕರ್ಕೊಂಡು ಬನ್ನಿ. ಇಲ್ಲಾಂದ್ರೆ ನಾನೇ ಬರ್ಲಾ?"

ಬಾಟಲಿ ಅಡುಗೆ ಕಟ್ಟೆಯ ಮೇಲಿತ್ತು. ಒಳಗೆ ಹನ್ನೊಂದು ಬೀಜ. ಆ ಬೆಳಿಗ್ಗೆ ನಾನು ಎಣಿಸಿದ್ದೆ. ನಾಳೆಯಿಂದ ಅವಳಿಗೂ ಎಣಿಸಲು ಬರುತ್ತದೆ ಎಂದುಕೊಂಡದ್ದೂ ನೆನಪಿದೆ, ಯಾಕೆಂದರೆ ನಾಳೆ ಅದು ಹತ್ತಾಗುತ್ತಿತ್ತು.

"ಸ್ವಲ್ಪ ಕೆಮ್ಮಿದೆ ಅವಳಿಗೆ," ಎಂದೆ. "ಕೂಸಿಗೆ ತಗುಲಿದ್ರೆ ಕಷ್ಟ. ವಾಸಿ ಆಗ್ಲಿ, ನಾನೇ ಕರ್ಕೊಂಡು ಬರ್ತೀನಿ."

ಆ ಕಡೆಯಿಂದ ತಂಗಿಯ ದನಿ ಸಣ್ಣಗೆ ಕೇಳಿಸಿತು. "ಜ್ವರ ಇದ್ಯಾ ಅಂತ ಕೇಳ್ರಿ. ಡಾಕ್ಟ್ರಿಗೆ ತೋರಿಸಿದ್ಲಾ ಕೇಳ್ರಿ."

"ಜ್ವರ ಇಲ್ಲ. ಕಷಾಯ ಕೊಡ್ತಿದೀನಿ."

ನಾನು ಇದನ್ನು ಹೇಳುವಾಗ ಮುಂದಿನ ಕೋಣೆಯಲ್ಲಿ ಅವಳು ಚಾಕ್‌ಪೀಸಿನ ಸುತ್ತುಗಳ ಮೇಲೆ ಕುಪ್ಪಳಿಸುತ್ತಿದ್ದಳು. ದಪ್, ದಪ್ ಎಂಬ ಆರೋಗ್ಯವಂತ ಕಾಲಿನ ಸದ್ದು. ಆ ಮಧ್ಯಾಹ್ನ ಅವಳು ಮಲಗಿದಾಗ ಮೇಲಿನ ಶೆಲ್ಫಿನಿಂದ ಬೀಜದ ಡಬ್ಬ ಇಳಿಸಿ ಬಾಟಲಿಗೆ ಐದು ಹಾಕಿದೆ. ಏಳು ಇರಬಹುದು. ಗಾಜಿಗೆ ಬೀಜ ತಾಗಿ ಸದ್ದಾಗದಿರಲೆಂದು ಬಾಟಲಿಯನ್ನು ಓರೆ ಮಾಡಿ, ಒಂದೊಂದಾಗಿ ಜಾರಿಸಿದೆ. ಅಷ್ಟು ಜಾಗ್ರತೆ ಮಾಡಿದವಳು ಏನು ಮಾಡುತ್ತಿದ್ದೇನೆಂದು ಗೊತ್ತಿಲ್ಲದೆ ಮಾಡಿದಳು ಎಂದು ಹೇಳಲಾಗದು.

ಆಮೇಲೆ ಅದು ಅಭ್ಯಾಸವಾಯಿತು. ಬೆಳಿಗ್ಗೆ ಅವಳು ಒಂದು ತೆಗೆಯುತ್ತಾಳೆ, ಎರಡು ದಿನಕ್ಕೊಮ್ಮೆ ನಾನು ಎರಡು ಮೂರು ಹಾಕುತ್ತೇನೆ. ಬಾಟಲಿಯಲ್ಲಿ ಯಾವಾಗಲೂ ಹತ್ತರ ಮೇಲೆ ಇದ್ದರಾಯಿತು. ಅವಳು ಗಾಜಿಗೆ ಮೂಗು ಒತ್ತಿ ಲಾಭ, ಎರಡು ಎಂದು ಹತ್ತರವರೆಗೆ ಎಣಿಸಿ, "ಇನ್ನೂ ತುಂಬಾ ಇದೆ" ಎಂದು ತಿಂಡಿಗೆ ಕೂರುತ್ತಿದ್ದಳು. ಒಮ್ಮೆಯೂ ಅತ್ತದ್ದು ನೆನಪಿಲ್ಲ. ಅತ್ತಿದ್ದರೆ ನೆನಪಿಟ್ಟುಕೊಳ್ಳುತ್ತಿದ್ದೆನೇ ಎಂದೂ ಗೊತ್ತಿಲ್ಲ. ಸಂಜೆ ಇಬ್ಬರೂ ಗುಡ್ಡದ ಕಡೆ ನಡೆದು ಹೋಗುತ್ತಿದ್ದೆವು. ದಾರಿಯಲ್ಲಿ ಯಾರೋ "ಮಗಳಾ?" ಎಂದರೆ ನಾನು ತಲೆಯನ್ನು ಹೌದೂ ಅಲ್ಲ, ಅಲ್ಲವೂ ಅಲ್ಲ ಎಂಬಂತೆ ಆಡಿಸುತ್ತಿದ್ದೆ.

ಎಷ್ಟು ದಿನ ಹೀಗೆ ನಡೆಯಿತು? ಹತ್ತು ಹನ್ನೆರಡು ದಿನ ಎಂದು ನಾನು ಬಹಳ ಕಾಲ ನಂಬಿದ್ದೆ. ಮೂರು ವಾರ ಎನ್ನುತ್ತಾಳೆ ತಂಗಿ. ಅವಳ ಲೆಕ್ಕವೇ ಸರಿ ಇರಬೇಕು, ಕಾಯುತ್ತಿದ್ದವಳು ಅವಳು. ಮೊದಲು ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದಳು, ಆಮೇಲೆ ದಿನಾ. "ಇನ್ನೂ ಕೆಮ್ಮಾ? ಅವಳ ಕೈಗೆ ಫೋನ್ ಕೊಡು" ಎನ್ನುತ್ತಿದ್ದಳು. ಮಲಗಿದ್ದಾಳೆ, ಮೇಲೆ ಆಂಟಿ ಮನೆಗೆ ಹೋಗಿದ್ದಾಳೆ ಎನ್ನುತ್ತಿದ್ದೆ. ಒಂದು ದಿನ ಅವಳು, "ಹಾಲು ಉಕ್ಕಿದ ಹಾಗೆ ಎದೆ ನೋಯುತ್ತೆ ಅಕ್ಕ, ಅವಳ ನೆನಪಾದ್ರೆ. ಕೂಸು ಕುಡಿಯೋವಾಗ್ಲೂ ಅವಳೇ ಕಾಣ್ತಾಳೆ" ಎಂದಳು. ಆ ಮಾತಿಗೆ ನಾನು ಏನು ಹೇಳಿದೆ ಎಂಬುದು ನನ್ನ ನೆನಪಿನಲ್ಲಿ ಎಲ್ಲೂ ಇಲ್ಲ. ಹುಡುಕಿದ್ದೇನೆ.

ಆ ಫೋನಿನ ಮರುದಿನವೋ, ಎರಡು ದಿನ ಬಿಟ್ಟೋ, ಪುಟ್ಟಿ ಮಧ್ಯಾಹ್ನ ಮಲಗಿದ್ದಾಗ ಬಾಟಲಿ ಇಳಿಸಿದೆ. ನನ್ನ ಲೆಕ್ಕದ ಪ್ರಕಾರ ಒಳಗೆ ಹನ್ನೆರಡು ಇರಬೇಕಿತ್ತು. ಕಣ್ಣಿಗೆ ಹೆಚ್ಚು ಕಂಡಿತು. ಮೊರಕ್ಕೆ ಸುರಿದೆ. ಕಂದು ಬೀಜಗಳ ನಡುವೆ ಕೆಂಪು ಗುಂಡಿಗಳು ಬಿದ್ದವು. ನಾಲ್ಕು.

ಅವಳಿಗಾಗಿ ಹೊಲಿಯುತ್ತಿದ್ದ ಫ್ರಾಕಿನ ಬೆನ್ನಿಗೆಂದು ತಂದಿಟ್ಟಿದ್ದ ಗುಂಡಿಗಳವು. ಬೀಜದ ಡಬ್ಬ ಶೆಲ್ಫಿನ ಮೇಲೆ, ಅವಳ ಕೈಗೆ ಎಟುಕದು. ಗುಂಡಿ ಡಬ್ಬ ನೆಲದ ಮೇಲೆ.

ಅವಳು ಎದ್ದು ಕಣ್ಣುಜ್ಜುತ್ತಾ ಬಂದಾಗಲೂ ಮೊರ ನನ್ನ ಮುಂದೇ ಇತ್ತು.

"ಪುಟ್ಟಿ, ಇದ್ಯಾರು ಹಾಕಿದ್ದು?"

"ನಾನು."

"ಯಾಕೆ?"

"ಬಾಗ್ಲು ತೆಗೆಯೋಕೆ."

"ಯಾರಿಗೆ ಬಾಗ್ಲು?"

ಅವಳು ನನ್ನನ್ನು ದಡ್ಡಿಯನ್ನು ನೋಡಿದಂತೆ ನೋಡಿದಳು. "ಖಾಲಿ ಮಾಡ್ಬಾರ್ದು ಅಂದಿದ್ಯಲ್ಲ."

"ಖಾಲಿ ಆದ್ರೆ ತಾನೇ ಅಮ್ಮನ ಹತ್ರ ಹೋಗೋದು?"

"ಹೂಂ," ಎಂದಳು. ಮೊರದಿಂದ ಒಂದು ಗುಂಡಿ ತೆಗೆದುಕೊಂಡು ರೀಲಿನ ರೈಲಿನ ಮೇಲೆ ಕೂರಿಸಿದಳು. "ಇವ್ಳು ಲಾಭನೇ ಬೋಗೀಲಿ."

ಅಷ್ಟೇ ಆದದ್ದು. ಆ "ಹೂಂ" ಎಂಬುದನ್ನು ನಾನು ಎಷ್ಟು ದನಿಯಲ್ಲಿ ಕೇಳಿಸಿಕೊಂಡಿದ್ದೇನೆ! ಒಂದು ದನಿಯಲ್ಲಿ ಅದು, ನಾನು ಹೇಳಿದ ಶಾಸ್ತ್ರವನ್ನು ನಂಬಿ, ಅಮ್ಮನನ್ನು ನೋಡುವ ದಿನವನ್ನು ತನ್ನ ಕೈಯಿಂದಲೇ ಮುಂದೆ ತಳ್ಳುತ್ತಿದ್ದ ಮಗುವಿನ ದನಿ. ಇನ್ನೊಂದು ದನಿಯಲ್ಲಿ, ಇಲ್ಲೇ ಇರುತ್ತೇನೆ ಎಂದು ಹೇಳಲು ಬಾರದೆ ಗುಂಡಿ ಹಾಕಿದ ಮಗುವಿನದು. ಎರಡನೆಯದು ನನಗೆ ಬೇಕು. ನನಗೆ ಅಷ್ಟು ಬೇಕು ಎಂಬ ಕಾರಣಕ್ಕೇ ಅದನ್ನು ನಂಬಲಾರೆ.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆವು. ಬಾಟಲಿ ಮುಗಿಯಿತೇ ಎಂದು ಅವಳು ಕೇಳಿದಳು. ಮುಗಿಯಿತು ಎಂದೆ. ತೋರಿಸು ಎಂದಳು. ಚೀಲದಿಂದ ತೆಗೆದು ತೋರಿಸಿದೆ. ತಳದಲ್ಲಿ ನಾಲ್ಕು ಗುಂಡಿ ಮಾತ್ರ ಬಿಟ್ಟಿದ್ದೆ. "ಸರಿ," ಎಂದಳು. ಹಂಪುಗಳನ್ನು ಅವಳು ಎಣಿಸಲಿಲ್ಲ, ಕಿಟಕಿಯ ಹೊರಗೆ ನೋಡುತ್ತಾ ಕೂತಳು. ನಾನೂ ಎತ್ತಲಿಲ್ಲ.

ತಂಗಿ ಮಂಚದ ಮೇಲೆ ಕಿವಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ಮಗಳು ಓಡಿ ಹೋಗಿ ತಬ್ಬಿಕೊಳ್ಳುತ್ತಾಳೆಂದು ನಾವಿಬ್ಬರೂ ಅಂದುಕೊಂಡಿದ್ದೆವೇನೋ. ಅವಳು ನನ್ನ ಸೀರೆಯ ನೆರಿಗೆ ಹಿಡಿದು ಬಾಗಿಲಲ್ಲೇ ನಿಂತಳು. ತಂಗಿಯ ಮುಖ ನೋಡಲು ನನಗಾಗಲಿಲ್ಲ. ಆಮೇಲೆ ಮಗಳು ನಿಧಾನಕ್ಕೆ ಹೋಗಿ ಮಂಚದ ಅಂಚಿಗೆ ಗಲ್ಲ ಊರಿ ತಮ್ಮನನ್ನು ನೋಡಿದಳು. ಕೂಸಿನ ಮುಷ್ಟಿಯನ್ನು ಬಿಡಿಸಿ ಬೆರಳು ಎಣಿಸಿದಳು. ಲಾಭ, ಎರಡು, ಮೂರು. ಎರಡೂ ಕೈಯದು ಹತ್ತಾಯಿತು. ಕಾಲಿನ ಬೆರಳು ಮುಟ್ಟಿ "ತುಂಬಾ" ಎಂದಳು.

ತಂಗಿ ನಕ್ಕಳು. ನಗುತ್ತಲೇ, "ಇದೇನೇ, ಇಪ್ಪತ್ತರವರೆಗೂ ಹೇಳ್ತಿದ್ದೆ ನೀನು. ಹನ್ನೊಂದು ಎಲ್ಲಿ ಹೋಯ್ತು?" ಎಂದಳು.

"ಹತ್ತಾದ್ಮೇಲೆ ತುಂಬಾ. ದೊಡ್ಡಮ್ಮ ಹೇಳ್ಕೊಟ್ಟಿದ್ದು."

"ಕೆಮ್ಮು ಹೋಯ್ತಾ ನಿಂದು?"

"ಯಾವ ಕೆಮ್ಮು?"

ತಂಗಿ ಮಗಳ ಬೆನ್ನ ಮೇಲೆ ಕೈಯಾಡಿಸುತ್ತಾ ನನ್ನ ಕಡೆ ನೋಡಿದಳು. ಬಹಳ ಹೊತ್ತಲ್ಲ. ಅವಳು ಬೈದಿದ್ದರೆ ಬಯ್ಗುಳ ನೆನಪಿರುತ್ತಿತ್ತು, ಅತ್ತಿದ್ದರೆ ಅಳು ನೆನಪಿರುತ್ತಿತ್ತು. ಅವಳು ಅಂದದ್ದು ಇಷ್ಟೇ: "ಊಟ ಮಾಡ್ಕೊಂಡು ಹೋಗು ಅಕ್ಕ. ಬಿಸಿಲಲ್ಲಿ ಬಂದಿದೀಯ."

ಊಟ ಮಾಡಿದೆ. ಸಾರಿಗೆ ಉಪ್ಪು ಕಡಿಮೆಯಿತ್ತು, ಬಾಣಂತಿ ಮನೆಯ ಸಾರು. ಹೊರಡುವಾಗ ಬಾಟಲಿಯನ್ನು ಕಿಟಕಿಯಲ್ಲಿ ಇಟ್ಟು ಬಂದೆ. ಪುಟ್ಟಿ ಮಲಗಿದ್ದಳು. ಶಿವಮೊಗ್ಗಕ್ಕೆ ಬರುವ ದಾರಿಯಲ್ಲಿ ಹಂಪು ಬಂದಾಗಲೆಲ್ಲ ನನ್ನ ಎರಡೂ ಕೈ ತೊಡೆಯಿಂದ ಅಷ್ಟಷ್ಟೇ ಮೇಲೇಳುತ್ತಿದ್ದವು. ಪಕ್ಕದಲ್ಲಿ ಹೊಳೆಹೊನ್ನೂರಿನ ಕಡೆಯ ಹೆಂಗಸೊಬ್ಬರು ಕೂತಿದ್ದರು. "ಕೈ ನೋವೇನಮ್ಮ?" ಎಂದು ಕೇಳಿದರು.

ಮನೆಯಲ್ಲಿ ಚಾಕ್‌ಪೀಸಿನ ಸುತ್ತುಗಳನ್ನು ನಾನು ಒರೆಸಲಿಲ್ಲ. ಅಳತೆ ಕೊಡಲು ಬಂದವರ ಕಾಲಿನಲ್ಲಿ ಅವು ತಾವಾಗಿ ಹೋದವು. ಹತ್ತನೆಯ ಸುತ್ತು ಮಿಷನ್ನಿನ ಕೆಳಗೆ ಯಾರೂ ಕಾಲಿಡದ ಜಾಗದಲ್ಲಿತ್ತು, ಅದು ಮಳೆಗಾಲದವರೆಗೂ ಉಳಿಯಿತು. ಒಂದು ಪಾವು ಅಕ್ಕಿ ಮತ್ತೆ ಎರಡು ದಿನಕ್ಕೆ ಬಂತು. ಆ ಬೇಸಿಗೆ ರಜೆಗೆ ಅವಳನ್ನು ಕಳಿಸಲಿಲ್ಲ, ಮರುವರ್ಷವೂ ಇಲ್ಲ. ಕಾರಣ ಇರುತ್ತಿತ್ತು: ತಮ್ಮನ ಹುಷಾರು, ಸ್ಕೂಲಿನ ಡ್ಯಾನ್ಸು, ಅತ್ತೆಯ ಕಾಲು ನೋವು. ನನ್ನ ಕೆಮ್ಮಿನಷ್ಟೇ ನಂಬುವಂಥ ಕಾರಣಗಳು. ನಾನೇ ಹೋಗಿ ಮಧ್ಯಾಹ್ನ ಇದ್ದು ಸಂಜೆ ಬರುತ್ತಿದ್ದೆ. ತಂಗಿ ಯಾವತ್ತೂ ಕೆಮ್ಮಿನ ಮಾತು ಎತ್ತಲಿಲ್ಲ. ನಾನು ಎತ್ತಬೇಕಿತ್ತು. ಬಸ್ಸಿನಲ್ಲಿ ಹೋಗುವಾಗಲೆಲ್ಲ ವಾಕ್ಯ ಜೋಡಿಸಿಕೊಂಡು ಹೋಗಿ, ಅದೇ ವಾಕ್ಯದ ಜೊತೆ ವಾಪಸು ಬಂದಿದ್ದೇನೆ.

ಕಳೆದ ದಸರಾ ರಜೆಗೆ ಮೊದಲ ಸಲ ಕಳಿಸಿದರು, ಎರಡು ದಿನಕ್ಕೆ. ತಂಗಿಯೂ ಬಂದು ಒಂದು ಮಧ್ಯಾಹ್ನ ಇದ್ದು, ಮಗಳನ್ನು ಬಿಟ್ಟು ಹೋದಳು. ಅವಳೀಗ ಎರಡನೆಯ ಕ್ಲಾಸು. ಕೂಡುವ ಲೆಕ್ಕ, ಕಳೆಯುವ ಲೆಕ್ಕ, ದಶಕ ತೆಗೆದುಕೊಳ್ಳುವುದು ಎಲ್ಲ ಬರುತ್ತದೆ. ಮುಂದಿನ ಹಲ್ಲು ಎರಡು ಬಿದ್ದಿವೆ. ಬಾಗಿಲಲ್ಲಿ ಕೂತು ಚಿಪ್ಸ್ ತಿಂದು, ಪ್ಯಾಕೆಟ್ಟು ಮಡಿಸಿ ಅಡುಗೆ ಕಟ್ಟೆಯ ಮೇಲೆ ಇಟ್ಟಳು.

"ನೋಡು, ಒಂದು ಬಿಟ್ಟಿರ್ತಾಳೆ ನೋಡು," ಎಂದಳು ತಂಗಿ. "ಏನ್ ಚಟವೋ ಮಾರಾಯ್ತಿ ಇವಳಿಗೆ. ಚಿಪ್ಸಲ್ಲಿ ಒಂದು, ಬಿಸ್ಕತ್ತಲ್ಲಿ ಒಂದು. ಸೋಪಿನ ಚೂರು ಕೂಡ ಬಿಸಾಕೋ ಹಂಗಿಲ್ಲ. ಮನೆ ತುಂಬಾ ಇರುವೆ."

ಪ್ಯಾಕೆಟ್ಟು ಬಿಡಿಸಿ ನೋಡಿದೆ. ಇತ್ತು, ಒಂದು.

ಹಾಗಾದರೆ ಅದು ಶಾಸ್ತ್ರವೇ. ನಾನು ಕಲಿಸಿದ್ದು, ಅವಳು ಕಲಿತದ್ದು. ಇಲ್ಲೇ ಇರುವ ಆಸೆಗೂ ಆ ಗುಂಡಿಗಳಿಗೂ ಸಂಬಂಧವಿರಲಿಲ್ಲ. ಇದು ನನಗೆ ಆಗ ಅಡುಗೆ ಕಟ್ಟೆಯ ಹತ್ತಿರ ನಿಂತಿರುವಾಗ ಅರ್ಥವಾಯಿತು. ತಂಗಿ ಹಿಂದೆ ಕೂತು ಕಾಫಿ ಕುಡಿಯುತ್ತಿದ್ದಳು.

"ಅವತ್ತು ಅವಳಿಗೆ ಕೆಮ್ಮಿರಲಿಲ್ಲ," ಎಂದೆ.

"ಗೊತ್ತು," ಎಂದಳು ತಂಗಿ. "ಸಕ್ಕರೆ ಇನ್ನೊಂಚೂರು ಹಾಕು" ಎಂದು ಲೋಟ ಮುಂದೆ ಚಾಚಿದಳು.

ತಂಗಿ ಬಸ್ಸಿಗೆ ಹೋದ ಮೇಲೆ ಪುಟ್ಟಿಯನ್ನು ಕೇಳಿದೆ. ಬೀಜದ ಬಾಟಲಿ ನೆನಪಿದೆಯಾ? ಇಲ್ಲ. ರೀಲಿನ ರೈಲು? ಅದು ಗೊತ್ತು, ಮನೇಲಿದೆ, ತಮ್ಮ ಮುರಿದ. ಕೆಂಪು ಗುಂಡಿ? "ಯಾವ ಗುಂಡಿ ದೊಡ್ಡಮ್ಮ?" ಎಂದು ಹೋಂವರ್ಕಿನ ಕಡೆ ಬಗ್ಗಿದಳು.

ಅವಳು ಬರೆಯುತ್ತಿದ್ದಾಗ ಗುಂಡಿ ಡಬ್ಬ ತೆರೆದು ತಳ ಕೆದಕಿದೆ. ಆ ಫ್ರಾಕನ್ನು ನಾನು ಮುಗಿಸಲೇ ಇಲ್ಲ. ಅದಕ್ಕೆಂದು ತಂದದ್ದು ಆರು ಗುಂಡಿಯ ಸೆಟ್ಟು. ಎರಡು ಸಿಕ್ಕವು. ಹಾಗಾದರೆ ಬಾಟಲಿಗೆ ಬಿದ್ದದ್ದು ನಾಲ್ಕೇ, ಈ ಒಂದು ಲೆಕ್ಕ ನಾನು ಕಟ್ಟಿಕೊಂಡದ್ದಲ್ಲ. ಬಾಗಿಲು ತೆಗೆಯಲು ಒಂದು ಸಾಕಿತ್ತು. ಅಕ್ಕಿಗೂ ಚಿಪ್ಸಿಗೂ ಸೋಪಿಗೂ ಒಂದೇ ಸಾಕಾಗುತ್ತದೆ ಅವಳಿಗೆ.

"ದೊಡ್ಡಮ್ಮ, ಏನ್ ಎಣಿಸ್ತಿದೀಯ?"

"ಏನಿಲ್ಲ. ನೀನು ಬರಿ."

ಉಳಿದ ಮೂರರ ವಿಷಯ ನಾನು ತಂಗಿಗೆ ಹೇಳಿಲ್ಲ.